ಮಗುವಿನ ಕಫದ ಕೆಮ್ಮು ವರ್ಷಪೂರ್ತಿ ನಿಲ್ತಾನೇ ಇಲ್ವಾ? ಪಿಸಿಡಿ ಪತ್ತೆ ಬಗ್ಗೆ ಮಲೆನಾಡಿನ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಶಿವಮೊಗ್ಗ ಕಡೆಯಿಂದ ಫೋನ್ ಮಾಡೋ ಅಪ್ಪ ಅಮ್ಮಂದಿರು ಕೇಳೋದು ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದಿಟ್ಟಿದೀನಿ. ನಾನು ಡಾಕ್ಟರ್ ಅಲ್ಲ, ಪಿಸಿಡಿ ಅನ್ನೋ ಕಾಯಿಲೆ ಇರೋ ಮಗುವಿನ ತಾಯಿ. ಔಷಧಿ ಡೋಸ್ ಯಾವ್ದೂ ಇಲ್ಲಿ ಹೇಳಿಲ್ಲ, ಅದನ್ನ ನಿಮ್ಮ ಡಾಕ್ಟರೇ ಹೇಳ್ಬೇಕು. ಪತ್ತೆ ಮಾಡೋದು ಯಾಕೆ ಇಷ್ಟು ಕಷ್ಟ ಆಗತ್ತೆ, ಎಲ್ಲೆಲ್ಲಿ ದಾರಿ ತಪ್ಪತ್ತೆ, ನೀವು ಆಸ್ಪತ್ರೆಗೆ ಹೋಗೋವಾಗ ಏನೇನು ಹಿಡ್ಕೊಂಡು ಹೋಗ್ಬೇಕು, ಇಷ್ಟರ ಬಗ್ಗೆ ಬರೆದಿದೀನಿ.

ಪಿಸಿಡಿ ಅಂದ್ರೆ ಏನು? ಈ ಹೆಸರೇ ಕೇಳಿಲ್ವಲ್ಲ

ಪೂರ್ತಿ ಹೆಸರು ಪ್ರೈಮರಿ ಸಿಲಿಯರಿ ಡಿಸ್ಕೈನೀಸಿಯಾ. ನಮ್ಮ ಮೂಗು, ಸೈನಸ್, ಕಿವಿಯ ಒಳಭಾಗ, ಶ್ವಾಸನಾಳ ಇಲ್ಲೆಲ್ಲ ಒಳಪದರದ ಜೀವಕೋಶಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರ್ತವೆ, ಒಂದೊಂದು ಕೋಶದ ಮೇಲೆ ಸುಮಾರು 200, ಇವಕ್ಕೆ ಸಿಲಿಯಾ ಅಂತಾರೆ. ಇವು ಸೆಕೆಂಡಿಗೆ ಹತ್ತು ಹದಿನೈದು ಸಲ ಬಡಿದು ಬಡಿದು ಕಫ, ಧೂಳು, ಬ್ಯಾಕ್ಟೀರಿಯಾ ಎಲ್ಲಾನೂ ಗಂಟಲ ಕಡೆ ಸಾಗಿಸ್ತಾ ಇರ್ತವೆ. ಮಾಡಿಗೆ ಹೆಂಚು ಹೊದೆಸೋವಾಗ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸ್ತಾರಲ್ಲ, ಅಲ್ಲಿ ಒಬ್ಬೊಬ್ಬರು ಒಂದೊಂದು ತಾಳಕ್ಕೆ ಕೈ ಆಡಿಸಿದ್ರೆ ಎಲ್ರ ಕೈನೂ ಆಡ್ತಾ ಇರತ್ತೆ ಆದ್ರೆ ಹೆಂಚು ಮಾತ್ರ ಮೇಲೆ ಹೋಗಲ್ಲ. ಪಿಸಿಡಿಲಿ ಕೆಲವರ ಸಿಲಿಯಾ ಅಲ್ಲಾಡೋದೇ ಇಲ್ಲ, ಕೆಲವರಲ್ಲಿ ಅಲ್ಲಾಡತ್ತೆ ಆದ್ರೆ ತಾಳ ತಪ್ಪಿರತ್ತೆ. ಎರಡರಲ್ಲೂ ಕಫ ಒಳಗೇ ಉಳಿಯತ್ತೆ, ಅಲ್ಲಿ ಸೋಂಕು ಕೂರತ್ತೆ, ವರ್ಷಗಟ್ಲೆ ಹೀಗೇ ಆದ್ರೆ ಶ್ವಾಸನಾಳ ಹಿಗ್ಗಿ ಹಾಳಾಗತ್ತೆ. ಹಾಗಾಗೋದಕ್ಕೆ ಬ್ರಾಂಕಿಯೆಕ್ಟಾಸಿಸ್ ಅಂತಾರೆ.

ಇದು ಹುಟ್ಟಿನಿಂದಲೇ, ಜೀನ್‌ನಿಂದ ಬರೋದು. ಯಾರಿಂದಲೂ ಅಂಟಲ್ಲ. ಇದುವರೆಗೆ 50ಕ್ಕೂ ಜಾಸ್ತಿ ಜೀನ್‌ಗಳು ಗೊತ್ತಾಗಿವೆ, ಅದರಲ್ಲಿ ಯಾವ್ದಾದ್ರೂ ಒಂದು ಕೆಟ್ಟಿದ್ರೂ ಪಿಸಿಡಿ ಬರಬಹುದು, ಪತ್ತೆ ಕಷ್ಟ ಆಗೋದಕ್ಕೆ ಮೊದಲನೇ ಕಾರಣ ಇದೇ. ಸಾಮಾನ್ಯವಾಗಿ 10,000 ದಿಂದ 20,000 ಜನರಲ್ಲಿ ಒಬ್ಬರಿಗೆ ಅಂತ ಅಂದಾಜು ಹೇಳ್ತಾ ಬಂದಿದಾರೆ, ಜೀನ್ ಡೇಟಾಬೇಸ್ ನೋಡಿ ಲೆಕ್ಕ ಹಾಕಿದವರು 7,500 ಜನರಿಗೆ ಒಬ್ಬರಾದ್ರೂ ಇರಬೇಕು ಅಂತಾರೆ. ಆ ಲೆಕ್ಕ ಹಿಡಿದ್ರೆ ನಮ್ಮ ಒಂದು ಜಿಲ್ಲೇಲೇ ಎಷ್ಟೋ ಮಕ್ಕಳು ಕಾಯಿಲೆ ಹೆಸರು ಗೊತ್ತಿಲ್ದೆ ಕೆಮ್ತಾ ಓಡಾಡ್ತಿರಬಹುದು.

ಮಲೆನಾಡಲ್ಲಿ ಜೂನ್‌ನಿಂದ ಎಲ್ಲಾ ಮಕ್ಕಳಿಗೂ ಕೆಮ್ಮು ನೆಗಡಿ ಇದ್ದಿದ್ದೇ, ಇದನ್ನ ಬೇರೆ ಅಂತ ಹೇಗೆ ಗುರುತಿಸೋದು?

ಇದೇ ನಮ್ಮ ಕಡೆ ದೊಡ್ಡ ಸಮಸ್ಯೆ. ಜಡಿಮಳೆ, ಒಣಗದ ಬಟ್ಟೆ, ಗೋಡೆ ಮೇಲೆ ಬೂಷ್ಟು, ಬಚ್ಚಲ ಒಲೆ ಹೊಗೆ, ಆಮೇಲೆ ಅಡಿಕೆ ಬೇಯಿಸೋ ಒಲೆ ಹೊಗೆ, ಹೀಗೆ ಕೆಮ್ಮಿಗೆ ನೆಪ ವರ್ಷಪೂರ್ತಿ ಸಿಗತ್ತೆ. ಆಗುಂಬೆ ಥರದ ಮಳೆ ಇರೋ ಊರಲ್ಲಿ ಮಗು ಕೆಮ್ಮಿದ್ರೆ ಯಾರೂ ತಲೆ ಕೆಡಿಸ್ಕೊಳಲ್ಲ. ಹೊಗೆ, ಥಂಡಿ ಇದರಿಂದ ಪಿಸಿಡಿ ಇರೋ ಮಗುಗೆ ತೊಂದ್ರೆ ಜಾಸ್ತಿ ಆಗತ್ತೆ ಹೌದು, ಆದ್ರೆ ಅವು ಪಿಸಿಡಿ ತರಲ್ಲ.

ಬೇಸಿಗೇಲಿ ನೋಡಿ. ಮಾರ್ಚ್ ಏಪ್ರಿಲ್‌ನಲ್ಲಿ, ಚೆನ್ನಾಗಿ ಬಿಸಿಲಿರೋವಾಗ, ಶಾಲೆ ರಜಾ ಇರೋವಾಗ, ಬೇರೆ ಮಕ್ಕಳೆಲ್ಲ ಹುಷಾರಾಗಿ ಓಡಾಡ್ತಿರೋವಾಗಲೂ ನಿಮ್ಮ ಮಗುವಿನ ಎದೇಲಿ ಗೊರಗೊರ ಇದ್ಯಾ, ದಿನಾ ಬೆಳಿಗ್ಗೆ ಕಫದ ಕೆಮ್ಮು ಇದ್ಯಾ, ಮೂಗು ಹುಟ್ಟಿದಾಗಿನಿಂದ ಕಟ್ಟಿಕೊಂಡೇ ಇದ್ಯಾ? ಪಿಸಿಡಿ ಕೆಮ್ಮು ಒಣ ಕೆಮ್ಮಲ್ಲ, ಹಸಿ ಕೆಮ್ಮು, ಮೊದಲ ಆರು ತಿಂಗಳೊಳಗೇ ಶುರುವಾಗಿ ಋತು ನೋಡದೆ ದಿನಾ ಇರತ್ತೆ. ಆ್ಯಂಟಿಬಯಾಟಿಕ್ ಕೊಟ್ಟಾಗ ಸ್ವಲ್ಪ ಕಮ್ಮಿ ಆಗತ್ತೆ, ನಿಲ್ಲಿಸಿದ ಮೇಲೆ ಮತ್ತೆ ಅದೇ. ಇದರ ಜೊತೆ ಕಿವಿ ಸೋರೋದು, ಕಿವಿ ಸರಿಯಾಗಿ ಕೇಳದೇ ಇರೋದು ಸೇರಿಕೊಂಡಿದ್ರೆ ಡಾಕ್ಟರ್ ಹತ್ರ ಪಿಸಿಡಿ ಅಂತ ಹೆಸರು ಹೇಳಿನೇ ಕೇಳಿ.

ಮಗು ಹುಟ್ಟಿದಾಗ ಪೆಟ್ಟಿಗೇಲಿ ಇಟ್ಟಿದ್ರು, ಆಮೇಲೆ ಸರಿ ಹೋಯ್ತು. ಅದನ್ನ ಈಗ ಹೇಳ್ಬೇಕಾ?

ಹೇಳ್ಲೇಬೇಕು, ಮೊದಲು ಅದನ್ನೇ ಹೇಳಿ. ತಿಂಗಳು ತುಂಬಿ ಹುಟ್ಟಿದ ಮಗು, ತೂಕನೂ ಚೆನ್ನಾಗಿದೆ, ಹುಟ್ಟಿದ ತಕ್ಷಣ ಅತ್ತಿದೆ, ಆಮೇಲೆ ಅರ್ಧ ದಿನ ಒಂದು ದಿನ ಕಳೆದ ಮೇಲೆ ಉಸಿರಾಟ ಜೋರಾಗಿ ಆಕ್ಸಿಜನ್ ಬೇಕಾಗತ್ತೆ, ಅದೂ ದಿನಗಟ್ಲೆ. ಪಿಸಿಡಿ ಇರೋ ಮಕ್ಕಳಲ್ಲಿ 80 ಪರ್ಸೆಂಟ್‌ಗೂ ಜಾಸ್ತಿ ಜನರಿಗೆ ಹುಟ್ಟಿದಾಗ ಹೀಗೆ ಆಗಿರತ್ತೆ. ಆಗ ಮನೆಯವರಿಗೆ ಹೇಳೋದು "ಹೊಟ್ಟೇಲಿ ನೀರು ಕುಡಿದಿದೆ" ಅಂತಲೋ "ನ್ಯುಮೋನಿಯಾ" ಅಂತಲೋ. ಆ ಹೊತ್ತಿಗೆ ಅದನ್ನೇ ಅಂದ್ಕೊಳೋದು ಸಹಜ ಕೂಡ, ಯಾಕಂದ್ರೆ ಅವೆರಡೂ ಪಿಸಿಡಿಗಿಂತ ಎಷ್ಟೋ ಪಟ್ಟು ಸಾಮಾನ್ಯ. ಆದ್ರೆ ಶ್ವಾಸಕೋಶದಲ್ಲಿ ನೀರು ಉಳಿದಿದ್ದಷ್ಟೇ ಆಗಿದ್ರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಸರಿ ಹೋಗತ್ತೆ.

ಕಷ್ಟ ಎಲ್ಲಿ ಅಂದ್ರೆ, ನಾಲ್ಕು ವರ್ಷ ಆದ್ಮೇಲೆ ಕೆಮ್ಮಿಗೆ ಅಂತ ಹೋದಾಗ ಹುಟ್ಟಿದಾಗಿನ ಕಥೆ ಕೇಳೋಷ್ಟು ಪುರುಸೊತ್ತು ಓಪಿಡಿಲಿ ಇರಲ್ಲ, ಹೇಳ್ಬೇಕು ಅಂತ ಅಮ್ಮನಿಗೂ ಹೊಳೆಯಲ್ಲ, ಹೆರಿಗೆ ಆಗಿದ್ದು ತವರುಮನೆ ಕಡೆ ಆಗಿದ್ರೆ ಕಾಗದಗಳೂ ಅಲ್ಲೇ ಉಳಿದಿರ್ತವೆ. ತಾಯಿ ಕಾರ್ಡ್, ಐಸಿಯು ಡಿಸ್ಚಾರ್ಜ್ ಸಮ್ಮರಿ ಎರಡನ್ನೂ ಹುಡುಕಿ ತೆಗೀರಿ. ಎಷ್ಟು ವಾರಕ್ಕೆ ಹುಟ್ಟಿದ್ದು, ಎಷ್ಟು ದಿನ ಆಕ್ಸಿಜನ್, ಎಕ್ಸ್‌ರೇಲಿ ಏನಿತ್ತು, ಈ ಮೂರು ಸಾಲು ಪಿಸಿಡಿ ಪತ್ತೆಗೆ ಅರ್ಧ ದಾರಿ ತೋರಿಸತ್ತೆ.

ಹೃದಯ ಬಲಗಡೆ ಇದ್ರೆ ಮಾತ್ರ ಈ ಕಾಯಿಲೆ ಅಂತೆ, ನಮ್ಮ ಮಗುಗೆ ಎಡಗಡೆನೇ ಇದೆ. ಹಾಗಾದ್ರೆ ಚಿಂತೆ ಇಲ್ಲ ಅಲ್ವಾ?

ಇಲ್ಲ, ಹಾಗೆ ಹೇಳೋಕಾಗಲ್ಲ. ಸ್ವಿಟ್ಜರ್ಲೆಂಡ್‌ನ ಕಾರ್ಟಗೆನರ್ ಅನ್ನೋ ಡಾಕ್ಟರ್ 1933ರಲ್ಲಿ ಅಂಗಾಂಗ ಅದಲುಬದಲು (ಹೃದಯ, ಯಕೃತ್ತು ಎಲ್ಲಾ ಕನ್ನಡೀಲಿ ಕಂಡ ಹಾಗೆ ಎಡ ಬಲ ತಿರುಗಿರೋದು), ಸೈನಸ್ ತೊಂದ್ರೆ, ಬ್ರಾಂಕಿಯೆಕ್ಟಾಸಿಸ್ ಮೂರೂ ಒಟ್ಟಿಗೆ ಇರೋದನ್ನ ವಿವರಿಸಿದ್ರು, ಅದರಿಂದ ಕಾರ್ಟಗೆನರ್ ಸಿಂಡ್ರೋಮ್ ಅನ್ನೋ ಹೆಸರು ಬಂತು. ಸಿಲಿಯಾ ಕೆಟ್ಟಿರೋದೇ ಮೂಲ ಅಂತ ತೋರಿಸಿದ್ದು ಸ್ವೀಡನ್‌ನ ಅಫ್ಜೆಲಿಯಸ್, 1976ರಲ್ಲಿ. ಹೃದಯ ಬಲಗಡೆ ಇರೋ ಚಿತ್ರ ತಲೇಲಿ ಅಷ್ಟು ಗಟ್ಟಿಯಾಗಿ ಕೂತಿರೋದ್ರಿಂದ ಎಡಗಡೆ ಹೃದಯ ಇರೋ ಮಕ್ಕಳು ಪತ್ತೆ ಆಗದೆ ಉಳೀತಾರೆ. ನಿಜ ಏನಂದ್ರೆ ಪಿಸಿಡಿ ಇರೋರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಅಂಗಾಂಗ ಪೂರ್ತಿ ಅದಲುಬದಲು ಆಗಿರತ್ತೆ. ಭ್ರೂಣದಲ್ಲಿ ಎಡ ಯಾವ್ದು ಬಲ ಯಾವ್ದು ಅಂತ ತೀರ್ಮಾನ ಮಾಡೋದೂ ಸಿಲಿಯಾನೇ, ಅವು ಕೆಲಸ ಮಾಡ್ಲಿಲ್ಲ ಅಂದ್ರೆ ಎಡ ಬಲ ಅನ್ನೋದು ಅದೃಷ್ಟಕ್ಕೆ ಬಿಟ್ಟಿದ್ದು, ಅದಕ್ಕೇ ಅರ್ಧ ಅರ್ಧ. ಇನ್ನು ಕೆಲವು ಜೀನ್‌ಗಳಲ್ಲಿ ತೊಂದ್ರೆ ಇದ್ರೆ (ಆರ್‌ಎಸ್‌ಪಿಎಚ್ ಗುಂಪಿನವು, ಹೈಡಿನ್) ಅಂಗಾಂಗ ಅದಲುಬದಲು ಆಗೋದೇ ಇಲ್ಲ.

ಯುರೋಪಿನ ಸುಮಾರು ಸಾವಿರ ಮಕ್ಕಳ ಮಾಹಿತಿ ಸೇರಿಸಿ 2010ರಲ್ಲಿ ಬಂದ ಸರ್ವೆ ಒಂದಿದೆ. ಅಂಗಾಂಗ ಅದಲುಬದಲು ಇದ್ದ ಮಕ್ಕಳಿಗೆ ಕಾಯಿಲೆ ಪತ್ತೆ ಆದ ಮಧ್ಯದ ವಯಸ್ಸು (ಅರ್ಧ ಮಕ್ಕಳಿಗೆ ಇದಕ್ಕಿಂತ ಮೊದಲು, ಅರ್ಧ ಮಕ್ಕಳಿಗೆ ಇದಾದ ಮೇಲೆ) 3.5 ವರ್ಷ, ಇಲ್ಲದವರಿಗೆ 5.8 ವರ್ಷ. ಎಲ್ಲಾ ಸೌಕರ್ಯ ಇರೋ ದೇಶಗಳಲ್ಲೇ ಹೀಗೆ.

ತಿರುಗಾ ಮುರುಗಾ ಇನ್ನೊಂದಿದೆ. ಹೃದಯ ಬಲಗಡೆ ಇದ್ದೋರಿಗೆಲ್ಲ ಪಿಸಿಡಿ ಇರಲ್ಲ, ಅಂಗಾಂಗ ಪೂರ್ತಿ ಅದಲುಬದಲು ಇರೋ ನಾಲ್ಕೈದು ಜನರಲ್ಲಿ ಒಬ್ಬರಿಗೆ ಇರತ್ತೆ. ಹಾಗಾಗಿ ಹೃದಯ ಬಲಗಡೆ ಇದೆ, ಕೆಮ್ಮು ಮೂಗು ಏನೂ ತೊಂದ್ರೆ ಇಲ್ಲ ಅಂದ್ರೆ ಗಾಬರಿ ಬೇಡ.

ಎಕ್ಸ್‌ರೇಲಿ ಹೃದಯ ಬಲಗಡೆ ಕಾಣ್ತಿತ್ತು, ಫಿಲ್ಮ್ ಉಲ್ಟಾ ಬಂದಿದೆ ಅಂದ್ರು...

ಹೀಗಾಗತ್ತೆ. ಎಕ್ಸ್‌ರೇ ಫಿಲ್ಮ್ ಮೇಲೆ ಎಡ ಅಥವಾ ಬಲ ಅಂತ ಗುರುತು ಇರತ್ತೆ, ಅದು ಇಲ್ದೇ ಇದ್ರೆ ಅಥವಾ ಯಾರಾದ್ರೂ "ತಪ್ಪಾಗಿದೆ" ಅಂತ ತಿರುಗಿಸಿ ಪ್ರಿಂಟ್ ತೆಗೆದ್ರೆ ಅಷ್ಟು ದೊಡ್ಡ ಸುಳಿವು ಅಲ್ಲೇ ಕಳೆದು ಹೋಗತ್ತೆ. ಇಸಿಜಿಲಿ ವೈರ್ ಅದಲುಬದಲು ಆಗಿದೆ ಅಂತ ಅಂದ್ಕೊಳೋದೂ ಇದೇ ಥರ. ಅನುಮಾನ ಇದ್ರೆ ಒಂದು ಎಕೋ, ಒಂದು ಹೊಟ್ಟೆ ಸ್ಕ್ಯಾನ್ ಮಾಡಿಸಿ, ಯಕೃತ್ತು ಯಾವ ಕಡೆ, ಗುಲ್ಮ ಯಾವ ಕಡೆ ಅಂತ ಬರೆಸ್ಕೊಳಿ. ಪಿಸಿಡಿ ಇರೋ ಮಕ್ಕಳಲ್ಲಿ ಸುಮಾರು 12 ಪರ್ಸೆಂಟ್ ಜನರಿಗೆ ಅಂಗಾಂಗ ಪೂರ್ತಿ ಅದಲುಬದಲು ಆಗದೆ ಅರೆಬರೆ ಆಗಿರತ್ತೆ, ಅಂಥವರಲ್ಲಿ ಹೃದಯದ ದೋಷನೂ ಇರಬಹುದು. ಅದಲುಬದಲು ಇದೆ ಅಂತ ಖಾತ್ರಿ ಆದ್ರೆ ಅದನ್ನ ಒಂದು ಚೀಟೀಲಿ ಬರೆದು ಮಗುವಿನ ಬ್ಯಾಗಲ್ಲಿ ಇಡಿ. ನಾಳೆ ಅಪೆಂಡಿಕ್ಸ್ ನೋವು ಬಂದ್ರೆ ಅದು ಎಡಗಡೆ ಬರತ್ತೆ, ಗೊತ್ತಿಲ್ದಿರೋ ಡಾಕ್ಟರಿಗೆ ತಕ್ಷಣ ಹೊಳೆಯಲ್ಲ.

ಅಸ್ತಮಾ ಅಂತ ಪಂಪ್ ಕೊಟ್ಟಿದಾರೆ, ಎರಡು ಮೂರು ವರ್ಷ ಆಯ್ತು. ನಿಲ್ಲಿಸ್ಲಾ?

ನೀವಾಗೇ ನಿಲ್ಲಿಸ್ಬೇಡಿ ಮಾರಾಯ್ರೆ. ಕೆಲವು ಮಕ್ಕಳಿಗೆ ಪಿಸಿಡಿ ಜೊತೆ ಅಸ್ತಮಾನೂ ಇರತ್ತೆ. ಆದ್ರೆ ಡಾಕ್ಟರ್ ಹತ್ರ ಈ ಪ್ರಶ್ನೆ ಇಡಿ: ಪಂಪ್ ಸರಿಯಾಗಿ ತಗೊಂಡ್ರೂ ಕೆಮ್ಮು ಒಂದು ದಿನಾನೂ ಪೂರ್ತಿ ನಿಂತಿಲ್ಲ ಯಾಕೆ? ಅಸ್ತಮಾ ಬಂದು ಹೋಗೋ ಕಾಯಿಲೆ, ರಾತ್ರಿ ಜಾಸ್ತಿ, ಓಡಿದಾಗ ಜಾಸ್ತಿ, ಸಿಳ್ಳೆ ಥರ ಸದ್ದು, ಪಂಪ್ ಹೊಡೆದ್ರೆ ಆರಾಮ, ಮಧ್ಯೆ ಮಧ್ಯೆ ಹುಷಾರಾಗಿರೋ ದಿನಗಳು. ಪಿಸಿಡಿಲಿ ಹುಷಾರಾಗಿರೋ ದಿನ ಅಂತಲೇ ಇರಲ್ಲ. ಒಂದೂರಿಂದ ಇನ್ನೊಂದೂರಿಗೆ ಡಾಕ್ಟರ್ ಬದಲಾಯಿಸ್ತಾ ಹೋದಾಗ ಪ್ರತಿಯೊಬ್ಬರೂ ಆವತ್ತಿನ ಕೆಮ್ಮನ್ನಷ್ಟೇ ನೋಡ್ತಾರೆ, ವರ್ಷಪೂರ್ತಿಯ ಕೆಮ್ಮು ಒಬ್ಬರ ಕಣ್ಣಿಗೂ ಬೀಳಲ್ಲ. ಆದ್ರಿಂದ ಒಬ್ಬರೇ ಮಕ್ಕಳ ಡಾಕ್ಟರನ್ನ ಹಿಡ್ಕೊಳಿ, ಮೂರು ತಿಂಗಳು ಬಿಡದೆ ಅವರ ಹತ್ರನೇ ತೋರಿಸಿ, ಫೋನಲ್ಲಿ ಕೆಮ್ಮಿನ ಸದ್ದು ರೆಕಾರ್ಡ್ ಮಾಡ್ಕೊಂಡು ಹೋಗಿ ಕೇಳಿಸಿ.

ಟಿಬಿ ಮಾತ್ರೆ ಶುರು ಮಾಡಿದ್ರು, ಅದು ತಪ್ಪಾ?

ತಪ್ಪು ಅಂತ ನಾನು ಹೇಳಲ್ಲ. ನಮ್ಮ ದೇಶದಲ್ಲಿ ಟಿಬಿ ಅಷ್ಟಿದೆ, ದಿನಾ ಕೆಮ್ಮು, ಎಕ್ಸ್‌ರೇಲಿ ಕಲೆ, ತೂಕ ಏರ್ತಿಲ್ಲ ಅಂದ್ರೆ ಡಾಕ್ಟರ್ ಮೊದಲು ಅದನ್ನೇ ನೋಡ್ಬೇಕು. ಆದ್ರೆ ಕಫದಲ್ಲೋ ಹೊಟ್ಟೆಯಿಂದ ತೆಗೆದ ದ್ರವದಲ್ಲೋ ಸಿಬಿನಾಟ್ ಅನ್ನೋ ಟಿಬಿ ಟೆಸ್ಟ್ ಮಾಡಿ ಟಿಬಿ ಜೀವಾಣು ಸಿಕ್ಕಿದ್ಯಾ, ಇಲ್ಲಾ ಎಕ್ಸ್‌ರೇ ನೋಡಿ ಅಂದಾಜಲ್ಲಿ ಶುರು ಮಾಡಿದ್ದಾ ಅನ್ನೋದನ್ನ ಕೇಳಿ ತಿಳ್ಕೊಳಿ. ಪಿಸಿಡಿಲಿ ಶ್ವಾಸಕೋಶದ ಮಧ್ಯದ ಮತ್ತು ಕೆಳಗಿನ ಭಾಗ ಕಫ ತುಂಬಿ ಕುಸಿಯೋದು ಜಾಸ್ತಿ, ಎಕ್ಸ್‌ರೇಲಿ ಅದೂ ಕಲೆ ಥರನೇ ಕಾಣತ್ತೆ. ಒಂದು ಕೋರ್ಸ್ ಪೂರ್ತಿ ಮುಗಿದ ಮೇಲೂ ಕೆಮ್ಮು ಹಾಗೇ ಇದ್ರೆ, ಎರಡನೇ ಸಲ ಟಿಬಿ ಮಾತ್ರೆ ಅನ್ನೋ ಮೊದಲು ಬೇರೆ ಕಾರಣ ಹುಡುಕಿ ಅಂತ ಕೇಳೋ ಹಕ್ಕು ನಿಮಗಿದೆ. ಶುರು ಮಾಡಿದ ಮಾತ್ರೆಯನ್ನ ಮಾತ್ರ ಮಧ್ಯದಲ್ಲಿ ನೀವೇ ಬಿಡ್ಬೇಡಿ.

ಬೆವರು ಟೆಸ್ಟ್ ಮಾಡಿಸಿ ಅಂದ್ರು, ಎದೆಗೂ ಬೆವರಿಗೂ ಏನು ಸಂಬಂಧ?

ಅದು ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಇನ್ನೊಂದು ಆನುವಂಶಿಕ ಕಾಯಿಲೆಗೆ. ಅಲ್ಲೂ ಕಫ, ಸೋಂಕು, ಬ್ರಾಂಕಿಯೆಕ್ಟಾಸಿಸ್ ಎಲ್ಲಾ ಇರತ್ತೆ, ಆದ್ರೆ ಕಾರಣ ಬೇರೆ, ಉಪ್ಪು ನೀರು ದಾಟಿಸೋ ಜೀನ್ ಕೆಟ್ಟಿರತ್ತೆ. ಬೆವರಿನ ಕ್ಲೋರೈಡ್ 60 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಸಿಸ್ಟಿಕ್ ಫೈಬ್ರೋಸಿಸ್ ಕಡೆ, 30ಕ್ಕಿಂತ ಕಮ್ಮಿ ಇದ್ರೆ ಇರೋ ಸಾಧ್ಯತೆ ಕಮ್ಮಿ, ಮಧ್ಯದಲ್ಲಿ ಬಂದ್ರೆ ಇನ್ನೂ ನೋಡ್ಬೇಕು. ಎಣ್ಣೆ ಎಣ್ಣೆ ಮಲ, ಎಷ್ಟು ತಿಂದ್ರೂ ತೂಕ ಏರದೇ ಇರೋದು ಆ ಕಡೆ ಕೈ ತೋರಿಸತ್ತೆ, ಕಿವಿ ಸೋರೋದು, ಹುಟ್ಟಿದಾಗ ಉಸಿರಾಟದ ತೊಂದ್ರೆ ಪಿಸಿಡಿ ಕಡೆ. ಪಿಸಿಡಿ ಟೆಸ್ಟ್‌ಗೆ ಹೋಗೋ ಮೊದಲೇ ಬೆವರು ಟೆಸ್ಟ್ ಮುಗಿಸಿಕೊಳಿ, ಯಾಕಂದ್ರೆ ಪಿಸಿಡಿಗೆ ಮಾಡೋ ಮೂಗಿನ ಗ್ಯಾಸ್ ಟೆಸ್ಟ್ ಸಿಸ್ಟಿಕ್ ಫೈಬ್ರೋಸಿಸ್ ಇರೋರಲ್ಲೂ ಕಮ್ಮಿ ಬರಬಹುದು (ಆ ಟೆಸ್ಟ್ ಬಗ್ಗೆ ಮುಂದಿನ ಪ್ರಶ್ನೇಲಿ ಹೇಳಿದೀನಿ).

ಒಂದು ರಕ್ತ ಪರೀಕ್ಷೆ ಮಾಡಿ ಇದೆ ಇಲ್ಲ ಅಂತ ಹೇಳೋಕೆ ಆಗಲ್ವಾ?

ಆಗಲ್ಲ, ಅದೇ ಸಂಕಟ. ಒಂದೇ ಟೆಸ್ಟ್‌ನಿಂದ ಎಲ್ಲರಲ್ಲೂ ಹೌದು ಅಥವಾ ಅಲ್ಲ ಅಂತ ಹೇಳೋ ದಾರಿ ಇನ್ನೂ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಯುರೋಪಿನ ಶ್ವಾಸಕೋಶ ತಜ್ಞರ ಸಂಘ 2017ರಲ್ಲಿ, ಅಮೆರಿಕದವರು 2018ರಲ್ಲಿ ಗೈಡ್‌ಲೈನ್ ಕೊಟ್ರು, ಎರಡರಲ್ಲೂ ಒಂದಕ್ಕಿಂತ ಜಾಸ್ತಿ ಟೆಸ್ಟ್ ಸೇರಿಸಿ ನೋಡಿ ಅಂತಲೇ ಇರೋದು.

ಮೊದಲನೇದು ಮೂಗಿನ ನೈಟ್ರಿಕ್ ಆಕ್ಸೈಡ್. ಸೈನಸ್‌ಗಳಲ್ಲಿ ತಯಾರಾಗೋ ಈ ಗ್ಯಾಸ್ ಪಿಸಿಡಿ ಇರೋರಲ್ಲಿ ತುಂಬಾ ಕಮ್ಮಿ ಇರತ್ತೆ, ಯಾಕೆ ಕಮ್ಮಿ ಅನ್ನೋದು ವಿಜ್ಞಾನಿಗಳಿಗೂ ಇನ್ನೂ ಪೂರ್ತಿ ಗೊತ್ತಾಗಿಲ್ಲ. ನೋವಿಲ್ಲ, ಮೂಗಿಗೆ ಸಣ್ಣ ಟ್ಯೂಬ್ ಇಟ್ಟು ಗಾಳಿ ಎಳೀತಾರೆ, ಆ ಹೊತ್ತಲ್ಲಿ ಮಗು ಬಾಯಿಂದ ಒಂದೇ ಸಮ ಊದ್ತಾ ಇರ್ಬೇಕು, ಅದಕ್ಕೇ ಐದು ವರ್ಷದ ಮೇಲಿನ ಮಕ್ಕಳಲ್ಲಿ ಮಾತ್ರ ನೆಚ್ಚಿಕೊಳೋ ಹಾಗೆ ಬರತ್ತೆ. ಅಸ್ತಮಾಗೆ ಅಂತ ಬಾಯಲ್ಲಿ ಊದಿಸೋ ಟೆಸ್ಟ್ ಬೇರೆ, ಇದು ಬೇರೆ, ಅದರ ರಿಪೋರ್ಟ್ ಇಲ್ಲಿ ಉಪಯೋಗಕ್ಕೆ ಬರಲ್ಲ. ಇದು ಊರಿನ ಲ್ಯಾಬ್‌ನಲ್ಲಿ ಸಿಗೋ ಟೆಸ್ಟೂ ಅಲ್ಲ. ಮತ್ತೆ ಕೆಲವು ಜೀನ್‌ಗಳ ಪಿಸಿಡಿಲಿ ಈ ಗ್ಯಾಸ್ ಸಾಮಾನ್ಯ ಮಟ್ಟದಲ್ಲೇ ಇರತ್ತೆ, ಹಾಗಾಗಿ ನಾರ್ಮಲ್ ಬಂತು ಅಂತ ಕೈ ಬಿಡೋ ಹಾಗಿಲ್ಲ.

ಎರಡನೇದು ಮೂಗಿನ ಒಳಗಿಂದ ಸಣ್ಣ ಬ್ರಷ್‌ನಲ್ಲಿ ಕೋಶಗಳನ್ನ ತೆಗೆದು, ಜೀವಂತ ಇರೋವಾಗಲೇ ಮೈಕ್ರೋಸ್ಕೋಪ್ ಕೆಳಗೆ ಹೈಸ್ಪೀಡ್ ಕ್ಯಾಮರಾದಲ್ಲಿ ಸಿಲಿಯಾ ಬಡಿತ ವಿಡಿಯೋ ಮಾಡೋದು. ಕೆಲವು ಗಂಟೆಗಳೊಳಗೆ ನೋಡ್ಬೇಕು, ಆದ್ದರಿಂದ ಇಲ್ಲಿ ತೆಗೆದು ಕೊರಿಯರ್ ಮಾಡೋಕಾಗಲ್ಲ, ಮಗುನೇ ಅಲ್ಲಿಗೆ ಹೋಗ್ಬೇಕು. ನೋಡೋರಿಗೂ ಅನುಭವ ಬೇಕು, ಯಾಕಂದ್ರೆ ಈಗಷ್ಟೇ ನೆಗಡಿ ಆಗಿ ಹೋಗಿರೋ ಆರೋಗ್ಯವಂತ ಮಗುವಿನ ಸಿಲಿಯಾನೂ ಕೆಲವು ವಾರ ಕೆಟ್ಟದಾಗೇ ಬಡೀತಿರತ್ತೆ. ನೆಗಡಿ ಜ್ವರ ಬಂದು ನಾಲ್ಕರಿಂದ ಆರು ವಾರ ಕಳೆದಿರ್ಬೇಕು ಅನ್ನೋದು ಇದಕ್ಕೇ. ನಮ್ಮ ಕಡೆಯವರಿಗೆ ನಾನು ಹೇಳೋದು, ಟೆಸ್ಟ್‌ಗೆ ಡೇಟ್ ತಗೊಳೋದಾದ್ರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ತಗೊಳಿ. ಆಷಾಢದಲ್ಲಿ ತಗೊಂಡ್ರೆ ಘಾಟಿ ರಸ್ತೆ ಕಷ್ಟ ಒಂದು ಕಡೆ, ಮಗುಗೆ ನೆಗಡಿ ಹಿಡಿದು ಹೋಗಿ ವಾಪಸ್ ಬರೋದು ಇನ್ನೊಂದು ಕಡೆ.

ಮೂರನೇದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಸಿಲಿಯಾವನ್ನ ಅಡ್ಡ ಕತ್ತರಿಸಿ ನೋಡಿದ್ರೆ ಒಳಗೆ ಸುತ್ತಲೂ ಒಂಬತ್ತು ಜೋಡಿ, ಮಧ್ಯ ಎರಡು ಕೊಳವೆಗಳ ವಿನ್ಯಾಸ ಇರತ್ತೆ, ಅದರ ಹೊರಬದಿಯ ಡೈನೀನ್ ತೋಳುಗಳು (ಸಿಲಿಯಾನ ಬಡಿಸೋ ಭಾಗಗಳು) ಇಲ್ಲ ಅಂದ್ರೆ ಪಿಸಿಡಿ ಖಾತ್ರಿ. ಆದ್ರೆ ಪಿಸಿಡಿ ಇರೋರಲ್ಲೇ ಸುಮಾರು 30 ಪರ್ಸೆಂಟ್ ಜನರಿಗೆ ಇದು ನಾರ್ಮಲ್ ಬರತ್ತೆ, ಡಿಎನ್‌ಎಎಚ್11 ಜೀನ್ ಕೆಟ್ಟಿದ್ರೆ ರಚನೆ ಸರಿಯಾಗೇ ಕಾಣತ್ತೆ, ಬಡಿತ ಮಾತ್ರ ಕೆಟ್ಟಿರತ್ತೆ. ಸ್ಯಾಂಪಲ್ ಹಾಕೋ ದ್ರವನೂ ಗ್ಲೂಟರಾಲ್ಡಿಹೈಡ್ ಆಗಿರ್ಬೇಕು, ಬಯಾಪ್ಸಿಗೆ ಅಂತ ಎಲ್ಲ ಕಡೆ ಇರೋ ಫಾರ್ಮಲಿನ್‌ಗೆ ಹಾಕಿದ್ರೆ ಸರಿಯಾಗಿ ಕಾಣಲ್ಲ. ಬೇರೆ ಊರಿಗೆ ಸ್ಯಾಂಪಲ್ ಕಳಿಸೋದಿದ್ರೆ ಆ ಲ್ಯಾಬ್‌ಗೆ ಫೋನ್ ಮಾಡಿ ಇದನ್ನ ಮೊದಲೇ ಕೇಳಿ.

ಇಷ್ಟೆಲ್ಲ ಯಾಕೆ, ಜೆನೆಟಿಕ್ ಟೆಸ್ಟ್ ಒಂದೇ ಮಾಡಿಸಿದ್ರೆ ಆಗಲ್ವಾ?

ನಮ್ಮ ಕಡೆಯವರಿಗೆ ಈಗ ಹೆಚ್ಚಾಗಿ ಕೈಗೆ ಸಿಗೋದು ಇದೇ, ಯಾಕಂದ್ರೆ ರಕ್ತವನ್ನ ಕೊರಿಯರ್‌ನಲ್ಲಿ ಕಳಿಸಬಹುದು. ಎಕ್ಸೋಮ್ ಅಂತ ಮಾಡ್ತಾರೆ, ಗೊತ್ತಿರೋ ಜೀನ್‌ಗಳನ್ನೆಲ್ಲ ಒಟ್ಟಿಗೆ ನೋಡ್ತಾರೆ. ಒಂದೇ ಜೀನ್‌ನ ಎರಡು ಪ್ರತಿಗಳಲ್ಲೂ ಕಾಯಿಲೆ ತರೋ ಬದಲಾವಣೆ ಸಿಕ್ಕಿದ್ರೆ ಪತ್ತೆ ಆದ ಹಾಗೇ. ಆದ್ರೆ ಪಿಸಿಡಿ ಇರೋರಲ್ಲಿ 20 ರಿಂದ 30 ಪರ್ಸೆಂಟ್ ಜನರಿಗೆ ಏನೂ ಸಿಗಲ್ಲ. ಇನ್ನೂ ಕಂಡುಹಿಡಿಯದ ಜೀನ್ ಇರಬಹುದು, ಜೀನ್‌ನ ದೊಡ್ಡ ತುಂಡೇ ಕಳೆದು ಹೋಗಿದ್ದು ಈ ಟೆಸ್ಟ್ ಕಣ್ಣಿಗೆ ಬೀಳದೆ ಇರಬಹುದು. ಹೈಡಿನ್ ಅನ್ನೋ ಜೀನ್‌ಗೆ ಅದರದೇ ನಕಲು ಬೇರೆ ಕ್ರೋಮೋಸೋಮ್ ಮೇಲೆ ಇದೆ, ಅಸಲಿ ಯಾವ್ದು ನಕಲಿ ಯಾವ್ದು ಅಂತ ಮೆಷಿನ್‌ಗೇ ಗೊಂದಲ.

ಇನ್ನೊಂದು ತಲೆನೋವು ವಿಯುಎಸ್. ರಿಪೋರ್ಟ್‌ನಲ್ಲಿ ಒಂದು ಬದಲಾವಣೆ ಸಿಕ್ಕಿದೆ, ಆದ್ರೆ ಅದರಿಂದ ಕಾಯಿಲೆ ಬರತ್ತೋ ಇಲ್ವೋ ಸದ್ಯಕ್ಕೆ ಹೇಳೋಕಾಗಲ್ಲ ಅಂತ ಅರ್ಥ. ಪ್ರಪಂಚದ ಡೇಟಾಬೇಸ್‌ಗಳಲ್ಲಿ ಯುರೋಪ್ ಮೂಲದವರ ಮಾಹಿತಿ ತುಂಬಿದೆ, ನಮ್ಮವರದ್ದು ಕಮ್ಮಿ, ಅದಕ್ಕೇ ನಮ್ಮ ಮಕ್ಕಳ ರಿಪೋರ್ಟ್‌ನಲ್ಲಿ ಈ ಥರ ಅಡ್ಡಗೋಡೆ ಮೇಲೆ ದೀಪ ಇಟ್ಟ ಉತ್ತರಗಳು ಜಾಸ್ತಿ ಬರ್ತವೆ. ಆಗ ಅಪ್ಪ ಅಮ್ಮ ಇಬ್ಬರ ರಕ್ತನೂ ಕೊಟ್ಟು ಒಂದು ಬದಲಾವಣೆ ಅಪ್ಪನಿಂದ, ಒಂದು ಅಮ್ಮನಿಂದ ಬಂದಿದ್ಯಾ ಅಂತ ನೋಡಿಸ್ಬೇಕು, ಎರಡೂ ಒಬ್ಬರಿಂದಲೇ ಬಂದಿದ್ರೆ ಲೆಕ್ಕ ಬೇರೆ ಆಗತ್ತೆ. ರಿಪೋರ್ಟನ್ನ ವಾಟ್ಸಾಪ್‌ನಲ್ಲಿ ನಾಲ್ಕು ಜನರಿಗೆ ಕಳಿಸಿ ಅರ್ಥ ಕೇಳೋ ಬದಲು ಜೆನೆಟಿಕ್ ಕೌನ್ಸೆಲರ್ ಹತ್ರ ಒಂದು ಗಂಟೆ ಕೂತ್ಕೊಳಿ. ಏನೂ ಸಿಗ್ಲಿಲ್ಲ ಅಂದ್ರೂ ಒಂದೆರಡು ವರ್ಷ ಬಿಟ್ಟು ಅದೇ ಡೇಟಾವನ್ನ ಮತ್ತೆ ನೋಡಿ ಅಂತ ಲ್ಯಾಬ್‌ಗೆ ಕೇಳಬಹುದು.

ಮೂಗಿಗೆ ಸ್ಯಾಕರಿನ್ ಇಟ್ಟು ಸಿಹಿ ಎಷ್ಟೊತ್ತಿಗೆ ಗೊತ್ತಾಗತ್ತೆ ಅಂತ ನೋಡ್ತಾರಂತೆ?

ಹಳೇ ಟೆಸ್ಟ್. ಸಣ್ಣ ಮಕ್ಕಳಲ್ಲಿ ಆಗಲ್ಲ, ಫಲಿತಾಂಶನೂ ನೆಚ್ಚೋ ಹಾಗಿಲ್ಲ, ಈಗ ಇದರ ಮೇಲೆ ಪಿಸಿಡಿ ಅಂತ ತೀರ್ಮಾನ ಮಾಡಲ್ಲ.

ಶಿವಮೊಗ್ಗದಲ್ಲಿ ಎಲ್ಲಿಂದ ಶುರು ಮಾಡೋದು?

ಮೊದಲ ಹಂತಕ್ಕೆ ದೂರ ಹೋಗೋ ಅಗತ್ಯ ಇಲ್ಲ. ಮೆಗ್ಗಾನ್‌ನ ಮಕ್ಕಳ ವಿಭಾಗ (ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ) ಆಗಲಿ ನಿಮ್ಮ ತಾಲೂಕಿನ ಮಕ್ಕಳ ಡಾಕ್ಟರ್ ಆಗಲಿ, ಎಕ್ಸ್‌ರೇ, ಟಿಬಿ ಟೆಸ್ಟ್, ಕಿವಿ ಮೂಗು ಗಂಟಲು ತಜ್ಞರ ಹತ್ರ ಕಿವಿ ನೋಡಿಸೋದು ಇವೆಲ್ಲ ಇಲ್ಲೇ ಆಗ್ಬೇಕು. ಆಮೇಲೆ ರೆಫರಲ್ ಬರೆಸ್ಕೊಂಡು ಆಗುಂಬೆ ಘಾಟಿ ಇಳಿದು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಅಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇದೆ, ಇಲ್ಲಾ ಬೆಂಗಳೂರು. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೊತೆ ಸೇರಿ, ಉತ್ಕೃಷ್ಟತಾ ಕೇಂದ್ರ ಅಂತ ಗುರುತಾಗಿದೆ. 50 ಲಕ್ಷ ರೂಪಾಯಿವರೆಗೆ ಸಹಾಯ ಅಂತ ನೀವು ಕೇಳಿರೋದು ಆ ನೀತಿಯ ಪಟ್ಟಿಯಲ್ಲಿರೋ ಕಾಯಿಲೆಗಳಿಗೆ ಮಾತ್ರ, ನಿಮ್ಮ ಮಗುವಿನ ಕಾಯಿಲೆ ಪಟ್ಟಿಯಲ್ಲಿದ್ಯಾ ಅಂತ ಅಲ್ಲೇ ಕೇಳಿ. ಯಾವ ಆಸ್ಪತ್ರೆಗೆ ಹೋಗೋದಾದ್ರೂ ಮೊದಲು ಫೋನ್ ಮಾಡಿ "ಪಿಸಿಡಿಗೆ ಯಾವ ಯಾವ ಟೆಸ್ಟ್ ನಿಮ್ಮಲ್ಲಿ ಆಗತ್ತೆ" ಅಂತ ಕೇಳ್ಕೊಂಡು ಹೊರಡಿ, ರಾತ್ರಿ ಬಸ್ಸಲ್ಲಿ ಕೆಮ್ಮೋ ಮಗು ಕರ್ಕೊಂಡು ಹೋಗಿ ಖಾಲಿ ಕೈಲಿ ಬರೋದು ಎಂಥವರಿಗೂ ಬೇಡ.

ಡಾಕ್ಟರ್ ನಮ್ಮ ಮಾತು ಕೇಳೋದೇ ಐದು ನಿಮಿಷ. ಆ ಐದು ನಿಮಿಷದಲ್ಲಿ ಏನು ಹೇಳೋದು?

ಒಂದು ಹಾಳೇಲಿ ಬರೆದು ಕೊಡಿ, ಬಾಯಲ್ಲಿ ಹೇಳ್ಬೇಡಿ. 2016ರಲ್ಲಿ ಬಂದ ಪಿಕಡಾರ್ ಅನ್ನೋ ಸ್ಕೋರ್ ಇದೆ, ದಿನಾ ಹಸಿ ಕೆಮ್ಮು ಇರೋರಿಗೆ ಏಳು ಪ್ರಶ್ನೆ ಕೇಳ್ತಾರೆ: ತಿಂಗಳು ತುಂಬಿ ಹುಟ್ಟಿದ್ದಾ, ಹುಟ್ಟಿದಾಗ ಎದೆ ತೊಂದ್ರೆ ಇತ್ತಾ, ಐಸಿಯುಲಿ ಇಟ್ಟಿದ್ರಾ, ಅಂಗಾಂಗ ಅದಲುಬದಲು ಇದ್ಯಾ, ಹುಟ್ಟಿನಿಂದ ಹೃದಯ ದೋಷ ಇದ್ಯಾ, ಮೂಗು ಯಾವಾಗ್ಲೂ ಕಟ್ಟಿರತ್ತಾ, ಕಿವಿ ತೊಂದ್ರೆ ಇದ್ಯಾ. ನೋಡಿ, ಏಳೂ ನೀವೇ ಉತ್ತರ ಹೇಳೋ ಅಂಥವು, ಒಂದು ರೂಪಾಯಿ ಖರ್ಚಿಲ್ಲ. ಇವನ್ನೇ ಸಾಲಾಗಿ ಬರೀರಿ. ಕೆಳಗೆ ಎಷ್ಟು ಸಲ ಅಡ್ಮಿಟ್ ಆಗಿದೆ, ಯಾವ ಆ್ಯಂಟಿಬಯಾಟಿಕ್, ಕಫ ಕಲ್ಚರ್ (ಕಫದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ನೋಡೋ ಟೆಸ್ಟ್) ಮಾಡಿಸಿದ್ರೆ ಏನು ಬಂತು, ಮನೇಲಿ ಇನ್ಯಾರಿಗೆ ಇದೆ ಅಂತ ಬರೀರಿ. ಹಳೇ ಎಕ್ಸ್‌ರೇ ಫಿಲ್ಮ್ ಒಂದೂ ಬಿಸಾಡ್ಬೇಡಿ, ಮಳೆಗಾಲದಲ್ಲಿ ಅಂಟಿಕೊಂಡು ಹಾಳಾಗ್ತವೆ, ಫೋಟೋ ತೆಗೆದು ಇಟ್ಕೊಳಿ.

ಸೋದರ ಸಂಬಂಧದಲ್ಲಿ ಮದುವೆ ಆಗಿದ್ದಕ್ಕೆ ಬಂತು ಅಂತ ಮನೇಲಿ ಅಮ್ಮನ್ನೇ ಬೈತಾರೆ

ಇದನ್ನ ಕೇಳೋವಾಗ ಎಷ್ಟೋ ಹೆಣ್ಮಕ್ಕಳು ಫೋನಲ್ಲೇ ಅತ್ತಿದಾರೆ. ಪಿಸಿಡಿ ಬರೋಕೆ ಹೆಚ್ಚಿನ ಜೀನ್‌ಗಳಲ್ಲಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕೆಟ್ಟ ಪ್ರತಿ ಬರ್ಲೇಬೇಕು, ಅಂದ್ರೆ ಇಬ್ಬರ ಪಾಲೂ ಸಮ. ಒಂದೇ ಪ್ರತಿ ಇರೋ ಅಪ್ಪ ಅಮ್ಮನಿಗೆ ಕಾಯಿಲೆ ಇರಲ್ಲ, ಗೊತ್ತಾಗೋದೂ ಇಲ್ಲ. ಸೋದರಮಾವನ್ನೋ ಅತ್ತೆ ಮಗನ್ನೋ ಮದುವೆ ಆದಾಗ ಇಬ್ಬರಿಗೂ ಒಂದೇ ಹಿರಿಯರಿಂದ ಅದೇ ಬದಲಾವಣೆ ಬಂದಿರೋ ಸಾಧ್ಯತೆ ಜಾಸ್ತಿ, ಅದು ನಿಜ. ಹತ್ತಿರದ ಸಂಬಂಧದಲ್ಲೇ ಮದುವೆ ಆಗೋದು ಜಾಸ್ತಿ ಇರೋ ಕಡೆ ಕಾಯಿಲೆನೂ ಜಾಸ್ತಿ ಕಾಣತ್ತೆ. ಆದ್ರೆ ಯಾವ ಸಂಬಂಧನೂ ಇಲ್ದೆ ಮದುವೆ ಆದೋರ ಮಕ್ಕಳಿಗೂ ಬಂದಿದೆ. ಡಾಕ್ಟರ್ "ಸಂಬಂಧದಲ್ಲಿ ಮದುವೆನಾ" ಅಂತ ಕೇಳಿದ್ರೆ ನಾಚಿಕೊಂಡು ಇಲ್ಲ ಅನ್ಬೇಡಿ, ಅದು ಬೈಯೋಕೆ ಕೇಳೋದಲ್ಲ, ಪತ್ತೆಗೆ ಒಂದು ಸುಳಿವು.

ಔಷಧಿನೇ ಇಲ್ಲ ಅಂದ್ಮೇಲೆ ಇಷ್ಟು ಖರ್ಚು ಮಾಡಿ ಪತ್ತೆ ಮಾಡಿ ಏನು ಮಾಡೋದು?

ಬುಡದಿಂದ ವಾಸಿ ಮಾಡೋ ಔಷಧಿ ಇಲ್ಲ, ನಿಜ. ಆದ್ರೆ ದಿನಾ ಕಫ ತೆಗೆಯೋ ಫಿಸಿಯೋಥೆರಪಿ, ಓಡಾಟ ಆಟ, ಕಫ ಕಲ್ಚರ್ ನೋಡಿ ಸರಿಯಾದ ಆ್ಯಂಟಿಬಯಾಟಿಕ್, ಲಸಿಕೆಗಳು, ಕಿವಿ ಪರೀಕ್ಷೆ ಇವೆಲ್ಲ ಬೇಗ ಶುರುವಾದ್ರೆ ಶ್ವಾಸಕೋಶ ಎಷ್ಟೋ ವರ್ಷ ಉಳಿಯತ್ತೆ. ವಾರಕ್ಕೆ ಮೂರು ದಿನ ಅಜಿಥ್ರೋಮೈಸಿನ್ ಕೊಟ್ಟು ಆರು ತಿಂಗಳು ನೋಡಿದ ಯುರೋಪಿನ ಟ್ರಯಲ್ 2020ರಲ್ಲಿ ಬಂತು, ಕಾಯಿಲೆ ಉಲ್ಬಣ ಆಗೋದು ಹತ್ರ ಹತ್ರ ಅರ್ಧಕ್ಕೆ ಇಳೀತು, ಯಾರಿಗೆ ಅದು ಸೂಕ್ತ ಅಂತ ಡಾಕ್ಟರ್ ತೀರ್ಮಾನ ಮಾಡ್ತಾರೆ. ಹೆಸರು ಗೊತ್ತಾದ್ರೆ ಬೇಡದ್ದೂ ನಿಲ್ಲತ್ತೆ, ಮತ್ತೆ ಮತ್ತೆ ಟಿಬಿ ಮಾತ್ರೆ ಇರಲ್ಲ, ಸುಮ್ನೆ ಸುಮ್ನೆ ಸ್ಟೆರಾಯ್ಡ್ ಇರಲ್ಲ. ಎದೆಯ ಹಾಳಾದ ಭಾಗ ಕತ್ತರಿಸಿ ತೆಗೆಯೋಣ ಅಂತ ಯಾರಾದ್ರೂ ಹೇಳಿದ್ರೆ ಪಿಸಿಡಿ ಗೊತ್ತಿರೋ ತಜ್ಞರನ್ನ ಕೇಳದೆ ಒಪ್ಕೊಳ್ಬೇಡಿ.

ಪತ್ತೆ ಆಗೋಕೆ ತಿಂಗಳುಗಟ್ಲೆ ಆಗತ್ತೆ, ಅಲ್ಲೀವರೆಗೂ?

ಕಾಯ್ತಾ ಕೂರೋದು ಬೇಡ. ಅನುಮಾನ ಬಲವಾಗಿದ್ರೆ ಪಿಸಿಡಿ ಇದೆ ಅಂತಲೇ ಅಂದ್ಕೊಂಡು ಕಫ ತೆಗೆಯೋ ಫಿಸಿಯೋಥೆರಪಿ ಶುರು ಮಾಡಿಸಿ, ಇದರಿಂದ ನಷ್ಟ ಏನೂ ಇಲ್ಲ. ಕೆಮ್ಮು ನಿಲ್ಲಿಸೋ ಸಿರಪ್ ಅಂಗಡಿಯಿಂದ ತಂದು ಹಾಕ್ಬೇಡಿ, ಈ ಮಕ್ಕಳಿಗೆ ಕಫ ಹೊರಗೆ ಬರೋಕೆ ಕೆಮ್ಮೊಂದೇ ದಾರಿ. ದೊಡ್ಡಪತ್ರೆ, ಜೀರಿಗೆ ಕಷಾಯ ಗಂಟಲಿಗೆ ಹಿತ ಅನ್ಸಿದ್ರೆ ಕೊಡಿ, ಆದ್ರೆ ಅದನ್ನೇ ನಂಬಿ ಡಾಕ್ಟರ್ ಕೊಟ್ಟಿದ್ದನ್ನ ಬಿಡ್ಬೇಡಿ. ಕುದಿಯೋ ನೀರಿನ ಪಾತ್ರೆ ಮುಂದೆ ಮಗು ಕೂರಿಸಿ ಹಬೆ ಕೊಡೋದು ಸುಟ್ಟ ಗಾಯಕ್ಕೆ ದಾರಿ, ಅದು ಖಂಡಿತ ಬೇಡ. ಮಗುನ ಒಲೆ ಹೊಗೆಯಿಂದ ದೂರ ಮಲಗಿಸಿ, ಮನೆಯೊಳಗೆ ಬೀಡಿ ಸಿಗರೇಟ್ ಬೇಡ. ಶಾಲೇಲಿ ಟೀಚರ್‌ಗೆ ಇದು ಅಂಟೋ ಕೆಮ್ಮಲ್ಲ ಅಂತ ಡಾಕ್ಟರ್ ಹತ್ರ ಬರೆಸಿ ಕೊಡಿ, ಕಿವಿ ಮಂದ ಇದ್ರೆ ಮುಂದಿನ ಬೆಂಚಲ್ಲಿ ಕೂರಿಸೋಕೆ ಹೇಳಿ.

ನಮ್ಮ ಅಣ್ಣನಿಗೆ ವಯಸ್ಸು 35, ಚಿಕ್ಕಂದಿನಿಂದ ಕಫ, ಸೈನಸ್, ಮಕ್ಕಳಾಗಿಲ್ಲ. ಇದೇ ಇರಬಹುದಾ?

ಇರಬಹುದು, ತೋರಿಸಿ. ವೀರ್ಯಾಣುವಿನ ಬಾಲದ ಒಳ ರಚನೆನೂ ಸಿಲಿಯಾ ಥರದ್ದೇ, ಅದಕ್ಕೇ ಪಿಸಿಡಿ ಇರೋ ಹೆಚ್ಚಿನ ಗಂಡಸರಿಗೆ ಸಹಜವಾಗಿ ಮಕ್ಕಳಾಗೋದು ಕಷ್ಟ, ಹೆಂಗಸರಿಗೂ ಕೆಲವರಿಗೆ ತಡ ಆಗತ್ತೆ. ದೊಡ್ಡವರಲ್ಲಿ ಎದೆ ಒಬ್ಬ ಡಾಕ್ಟರ್, ಮೂಗು ಕಿವಿ ಇನ್ನೊಬ್ಬರು, ಮಕ್ಕಳಾಗದಿದ್ದಕ್ಕೆ ಮತ್ತೊಬ್ಬರು ನೋಡ್ತಾರೆ, ಮೂರನ್ನೂ ಒಂದೇ ಟೇಬಲ್ ಮೇಲೆ ಇಡೋರು ಸಿಗಲ್ಲ. ನೀವೇ ಇಡ್ಬೇಕು.

ಒಂದು ಮಗುಗೆ ಪತ್ತೆ ಆಯ್ತು. ಇನ್ನೊಂದು ಮಗುಗೂ ಟೆಸ್ಟ್ ಬೇಕಾ, ಮುಂದಿನ ಮಗು?

ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ರೆ ಪ್ರತಿ ಬಸಿರಲ್ಲೂ ಕಾಯಿಲೆ ಬರೋ ಸಾಧ್ಯತೆ 25 ಪರ್ಸೆಂಟ್, ಮೊದಲ ಮಗುಗೆ ಬಂದಿದೆ ಅಂತ ಎರಡನೇದಕ್ಕೆ ಕಮ್ಮಿ ಆಗಲ್ಲ, ಜಾಸ್ತಿನೂ ಆಗಲ್ಲ. ಮುಂದಿನ ಮಗು ಬಗ್ಗೆ ಯೋಚಿಸ್ತಿದ್ರೆ ಬಸಿರಾಗೋ ಮೊದಲೇ ಜೆನೆಟಿಕ್ ಕೌನ್ಸೆಲರ್ ಹತ್ರ ಹೋಗಿ, ಆಮೇಲೆ ಓಡಾಡೋಕೆ ಸಮಯ ಸಾಲಲ್ಲ. ಈಗಿರೋ ಅಣ್ಣ ತಮ್ಮ ಅಕ್ಕ ತಂಗಿಯರಲ್ಲಿ ಯಾರಿಗಾದ್ರೂ ಹಸಿ ಕೆಮ್ಮು, ಮೂಗು ಕಟ್ಟೋದು ಇದ್ರೆ ಅವರಿಗೂ ನೋಡಿಸಿ, ಸ್ವಲ್ಪವೇ ಇದ್ರೂ ಸರಿ, ಒಂದೇ ಮನೇಲಿ ಒಬ್ಬರಿಗೆ ಹೃದಯ ಬಲಗಡೆ ಇನ್ನೊಬ್ಬರಿಗೆ ಎಡಗಡೆ ಇರಬಹುದು. ಮೊದಲ ಮಗುವಿನ ರಿಪೋರ್ಟ್‌ನಲ್ಲಿ ಜೀನ್ ಬದಲಾವಣೆ ಖಚಿತವಾಗಿ ಸಿಕ್ಕಿದ್ರೆ ಅವರಿಗೆ ಪೂರ್ತಿ ಎಕ್ಸೋಮ್ ಬೇಕಾಗಿಲ್ಲ, ಅದೊಂದೇ ಜಾಗ ನೋಡಿದ್ರೆ ಸಾಕು, ರೇಟೂ ಕಮ್ಮಿ. ರಕ್ತ ಕೊಡೋವಾಗ ಆ ರಿಪೋರ್ಟಿನ ಜೆರಾಕ್ಸ್ ಜೊತೆಗಿಡಿ.